ಕಣ್ಣು ಸುಡುವ ಮರವನ್ನು ಕಡಿಯಬೇಡಿ, ಮಕ್ಕಳಿಗೆ ತೋರಿಸಿಕೊಡಿ

ಮುಂಬಯಿಯ ದಹಿಸರ್ ಪಶ್ಚಿಮದಲ್ಲಿ ಖಾಡಿಗೆ (ಸಮುದ್ರದ ನೀರು ಏರಿಳಿಯುವ ಕವಲಿಗೆ) ಬೆನ್ನು ಮಾಡಿ ನಿಂತಿರುವ ಹೌಸಿಂಗ್ ಸೊಸೈಟಿಯೊಂದರಲ್ಲಿ ಕಳೆದ ಮಳೆಗಾಲದಿಂದ ಒಂದು ಅರ್ಜಿ ಮನೆಯಿಂದ ಮನೆಗೆ ಓಡಾಡುತ್ತಿದೆ. ಕಂಪೌಂಡ್ ಗೋಡೆಯ ಆಚೆ ಕೆಸರಿನಂಚಿನಲ್ಲಿ ಬೆಳೆದಿರುವ ವಿಷದ ಗಿಡಗಳನ್ನು ಪಾಲಿಕೆ ಕೂಡಲೇ ಕಡಿಸಬೇಕು ಎಂಬುದು ಅದರ ಒಕ್ಕಣೆ. ಅದು ನನ್ನ ಮನೆಗೂ ಬಂತು. ನಾನು ಸಹಿ ಹಾಕಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೆಟ್ಟಿಲ ಮೇಲೆ ನಿಂತು ನಾಲ್ಕು ಮಾತು ಹೇಳಿದ್ದೇನೆ. ಅಷ್ಟು ಸಾಲದು ಅನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅರ್ಜಿ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಏಳನೇ ತರಗತಿಯ ಹುಡುಗನೊಬ್ಬ ಚೆಂಡು ತರಲು ಗೋಡೆ ಹಾರಿದ. ಅಡ್ಡ ಬಂದ ಕೊಂಬೆಯನ್ನು ಮುರಿದು ಬದಿಗೆ ಸರಿಸಿದ. ಮುರಿದ ಜಾಗದಿಂದ ಬಿಳಿ ಹಾಲು ಜಿನುಗಿ ಅಂಗೈಗೆ ಅಂಟಿತು. ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡ. ಮನೆ ಸೇರುವಷ್ಟರಲ್ಲಿ ಒಂದು ಕಣ್ಣು ಬಿಡಲು ಆಗುತ್ತಿರಲಿಲ್ಲ. ಅಜ್ಜಿ ಊರಿನ ಕ್ರಮದಂತೆ ಹರಳೆಣ್ಣೆ ಬಿಟ್ಟರು. ಪಕ್ಕದ ಮನೆಯವರು ಹಾಲು ಹಾಕಿ ಎಂದರು. ಇನ್ನೊಬ್ಬರು ತಮ್ಮ ಮನೆಯಲ್ಲಿ ಉಳಿದಿದ್ದ ಐ ಡ್ರಾಪ್ಸ್ ತಂದುಕೊಟ್ಟರು. ನಲ್ಲಿಯ ಕೆಳಗೆ ಹಿಡಿದು ತೊಳೆಯೋಣ ಎಂದು ಯಾರಿಗೂ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ‘ಯಾವ ಗಿಡ?’ ಎಂದು. ‘ಖಾಡಿಯ ಗಿಡ’ ಎಂಬುದಕ್ಕಿಂತ ಹೆಚ್ಚು ಹೇಳಲು ಹುಡುಗನ ತಂದೆಗೆ ಗೊತ್ತಿರಲಿಲ್ಲ. ರೆಪ್ಪೆ ಬಾತುಕೊಂಡಿತು, ಕೆನ್ನೆಯ ಮೇಲೆ ಬೊಕ್ಕೆ ಎದ್ದಿತು, ಹುಡುಗ ಕೆಲವು ದಿನ ಶಾಲೆಗೆ ಹೋಗಲಿಲ್ಲ. ಪುಣ್ಯಕ್ಕೆ ಕಣ್ಣು ಉಳಿಯಿತು.

‘ಟೀಚರೇ, ಅದ್ಯಾವ ಗಿಡ ಅಂತ ನೀವಾದ್ರೂ ನೋಡಿ ಹೇಳಿ’ ಎಂದು ಅವನ ತಂದೆ ಕೇಳಿಕೊಂಡರು. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಹುಟ್ಟಿದ್ದು ಉಡುಪಿಯ ಕೆಮ್ಮಣ್ಣಿನಲ್ಲಿ, ಸ್ವರ್ಣಾ ನದಿ ಸಮುದ್ರ ಸೇರುವುದಕ್ಕೆ ಮುಂಚೆ ಅಗಲವಾಗಿ ಹರಡಿಕೊಳ್ಳುವ ಕಡೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮಳಿ ಚಿಪ್ಪು ಹೆಕ್ಕುತ್ತ ಬೆಳೆದ ಮಕ್ಕಳಿಗೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಹಿರಿಯರು ಬೈದೇ ಕಲಿಸುತ್ತಿದ್ದರು.

ಇಳಿತದ ಹೊತ್ತು ನೋಡಿಕೊಂಡು ಆ ಅಂಚಿಗೆ ಹೋದೆ. ಕೆಸರಿನ ಒಳಗಡೆ ಇದ್ದದ್ದೆಲ್ಲ ಮರಾಠಿಗರು ತೀವರ್ ಎನ್ನುವ ಜಾತಿ. ನೆಲದಿಂದ ಪೆನ್ಸಿಲ್ ಗಾತ್ರದ ಉಸಿರುಬೇರುಗಳು ಮೇಲೆದ್ದಿದ್ದವು. ಎಲೆಯ ಅಡಿಭಾಗ ಬೂದುಬಿಳಿ. ಅದರಿಂದ ಯಾರಿಗೂ ತೊಂದರೆಯಿಲ್ಲ. ಗೋಡೆಯ ಹತ್ತಿರ, ಭರತದ ನೀರು ಅಪರೂಪಕ್ಕೆ ಮುಟ್ಟುವ ಕೊಂಚ ಎತ್ತರದ ನೆಲದಲ್ಲಿ, ಬೇರೆಯದೇ ಎರಡು ಗಿಡಗಳಿದ್ದವು. ಅವಕ್ಕೆ ಉಸಿರುಬೇರುಗಳಿಲ್ಲ. ಎಲೆ ಹೊಳಪಿನದು, ತುದಿ ಚೂಪು, ಅಂಚಿನಲ್ಲಿ ನವಿರಾದ ಕಚ್ಚು. ಉದುರಲು ಸಿದ್ಧವಾದ ಎಲೆಗಳು ಹಳದಿಯಾಗುವ ಬದಲು ಕೆಂಪಾಗಿದ್ದವು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಂದು ಎಲೆಯ ತೊಟ್ಟು ಮುರಿದೆ. ಕೂಡಲೇ ಬಿಳಿ ಹಾಲು ಉಬ್ಬಿ ಬಂತು. ಎಕ್ಸೊಕೇರಿಯಾ ಅಗಲೋಚ. ಹುಡುಗನ ಕಣ್ಣು ಸುಟ್ಟದ್ದು ಇದೇ.

ಈ ಮರ ಹೊಸದಲ್ಲ, ಪರದೇಶಿಯೂ ಅಲ್ಲ. ನಮ್ಮ ಕರಾವಳಿಯ ಅಳಿವೆಗಳಲ್ಲಿ, ಮುಂಬಯಿಯ ಖಾಡಿಗಳಲ್ಲಿ, ಸುಂದರಬನದಲ್ಲಿ, ಆಸ್ಟ್ರೇಲಿಯಾದ ತೀರದವರೆಗೂ ಇದು ಇದೆ. ತಮಿಳರು ಇದನ್ನು ತಿಲ್ಲೈ ಎನ್ನುತ್ತಾರೆ. ಚಿದಂಬರದ ನಟರಾಜ ದೇವಾಲಯದ ಸ್ಥಳವೃಕ್ಷ ಇದೇ. ಅಲ್ಲಿಗೆ ಹತ್ತಿರದ ಪಿಚ್ಚಾವರಂ ಕಾಂಡ್ಲಾ ವನದಲ್ಲಿ ಇಂದಿಗೂ ಬೆಳೆದು ನಿಂತಿದೆ. ಅದರ ಹಾಲು ಕಣ್ಣಿಗೆ ಬಿದ್ದರೆ ತಾತ್ಕಾಲಿಕ ಕುರುಡು ಬರುತ್ತದೆ, ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ ಎಂಬುದು ಅಲ್ಲಿನವರಿಗೆ ತಿಳಿದದ್ದೇ. ತಿಳಿದೂ ಅದನ್ನು ದೇವರ ಮರ ಮಾಡಿಕೊಂಡರು. ಬಂಗಾಳದವರು ಗೇವಾ ಎನ್ನುತ್ತಾರೆ. 1959ರಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ ಆರಂಭವಾದ ಕಾಗದದ ಕಾರ್ಖಾನೆ ಸುಂದರಬನದ ಗೇವಾ ಮರದ ತಿರುಳಿನಿಂದಲೇ ನ್ಯೂಸ್‌ಪ್ರಿಂಟ್ ಮಾಡುತ್ತಿತ್ತು. ಕಣ್ಣು ಸುಡುವ ಮರದ ಮೇಲೆ ಒಂದು ದೇಶದ ಜನ ದಶಕಗಟ್ಟಲೆ ಸುದ್ದಿ ಓದಿದ್ದಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ತಂದ ಇದೇ ಮರದ ಎಲೆ ಮತ್ತು ಕಾಂಡದಿಂದ, ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ತಡೆಯಬಲ್ಲ ಸಂಯುಕ್ತವೊಂದನ್ನು ವಿಜ್ಞಾನಿಗಳು ಬೇರ್ಪಡಿಸಿದರು. ಚರ್ಮವನ್ನು ಕೆರಳಿಸುವ ಫೋರ್ಬಾಲ್ ವರ್ಗಕ್ಕೇ ಸೇರಿದ್ದು ಆ ಸಂಯುಕ್ತ.

ಇಷ್ಟೆಲ್ಲ ಹೇಳಿದರೆ ಅರ್ಜಿ ಹಿಡಿದು ಬಂದವರು ‘ಅದೆಲ್ಲ ಸರಿ ಅಕ್ಕ, ನಮ್ಮ ಮಕ್ಕಳ ಗತಿ?’ ಎನ್ನುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಆದರೆ ಕಡಿಯುವುದು ಅದಕ್ಕೆ ಉತ್ತರವಲ್ಲ.

ಮೊದಲನೆಯದಾಗಿ, ಕಡಿಯಲು ಕಾನೂನಿನಲ್ಲಿ ಅವಕಾಶವಿಲ್ಲ. 2005ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದ ಉದ್ದಕ್ಕೂ ಕಾಂಡ್ಲಾ ನಾಶವನ್ನು ತಡೆಯಿತು, ಕಾಂಡ್ಲಾದಿಂದ 50 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನೂ ನಿಲ್ಲಿಸಿತು. 2018ರ ಸೆಪ್ಟೆಂಬರ್‌ನ ಅಂತಿಮ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿ, ಈ ವನಗಳನ್ನು ಕಾಯುವುದು ಸರ್ಕಾರದ ಸಾಂವಿಧಾನಿಕ ಕರ್ತವ್ಯ ಎಂದಿತು. ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ 2012ರಿಂದ ಇದಕ್ಕೆಂದೇ ಪ್ರತ್ಯೇಕ ಘಟಕವಿದೆ. ಕಾಂಡ್ಲಾ ಎಂದರೆ ತೀವರ್ ಮಾತ್ರವಲ್ಲ. ಆ ಎರಡು ಗಿಡಗಳೂ ಕಾಂಡ್ಲಾ ವನದ ಸದಸ್ಯರೇ.

ಎರಡನೆಯ ಕಾರಣ ದಹಿಸರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ತುಳಸಿ ಕೆರೆಯ ಬಳಿ ಹುಟ್ಟುವ ದಹಿಸರ್ ನದಿ ಶ್ರೀಕೃಷ್ಣ ನಗರ, ದೌಲತ್ ನಗರ, ದಹಿಸರ್ ಗಾವ್‌ಠಾಣ್ ದಾಟಿ ಹನ್ನೆರಡು ಕಿಲೋಮೀಟರ್‌ನಷ್ಟು ಹರಿದು ಮನೋರಿ ಖಾಡಿ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ನದಿ ಎಷ್ಟು ಎತ್ತರಕ್ಕೆ ಬಂದಿತ್ತು ಎಂಬುದು ದಡದ ಮನೆಗಳವರಿಗೆ ನೆನಪಿದೆ. ಬಂದ ನೀರು ಹರಡಿಕೊಳ್ಳಲು ಉಳಿದಿರುವ ಜಾಗವೇ ಈ ಕೆಸರುಗದ್ದೆ. ಅದರ ಅಂಚಿನ ಎತ್ತರದ ನೆಲದ ಮೇಲೆಯೇ ಎಲ್ಲರ ಕಣ್ಣು. ಮೊದಲು ಡೆಬ್ರಿಸ್ ಲಾರಿ ಬಂದು ಸುರಿಯುವುದು ಅಲ್ಲಿ, ಮೊದಲು ಶೆಡ್ ಏಳುವುದು ಅಲ್ಲಿ. ಎಕ್ಸೊಕೇರಿಯಾ ಬೆಳೆಯುವುದೂ ಅದೇ ಪಟ್ಟಿಯಲ್ಲಿ. ಕೈಯಿಟ್ಟರೆ ಬೊಕ್ಕೆ ಏಳಿಸುವ ಮರ ಅಲ್ಲಿರುವುದು ಒಳ್ಳೆಯದೇ ಎಂದು ನಾನು ತಿಳಿದಿದ್ದೇನೆ. ಅದನ್ನು ತೆಗೆದ ದಿನವೇ ಆ ನೆಲ ಬಯಲಾಗುತ್ತದೆ. ಬಯಲಾದ ನೆಲ ಮುಂಬಯಿಯಲ್ಲಿ ಬಯಲಾಗಿ ಉಳಿಯುವುದಿಲ್ಲ.

ಆದರೆ ನನ್ನನ್ನು ಕಾಡುತ್ತಿರುವುದು ಮರಕ್ಕಿಂತ ಹೆಚ್ಚಾಗಿ ಡಾಕ್ಟರ ಪ್ರಶ್ನೆ. ಯಾವ ಗಿಡ? ಖಾಡಿಯ ಬದಿಯಲ್ಲಿ ಫ್ಲ್ಯಾಟ್ ಕೊಂಡು ಮಕ್ಕಳು ಮೊಮ್ಮಕ್ಕಳನ್ನು ಬೆಳೆಸಿದ ನಮಗೆ ಗೋಡೆಯ ಆಚೆ ಏನಿದೆಯೆಂದು ತಿಳಿಯದು. ನಮ್ಮವರು ಇನ್ನೂ ಹಸಿರಿನಿಂದ ಕಿತ್ತು ತಿನ್ನುವುದನ್ನು, ಕುಡಿಯುವುದನ್ನು ಬಿಟ್ಟಿಲ್ಲ. ಗುರುತು ಹೇಳಬಲ್ಲವರು ಮಾತ್ರ ಹೋಗಿಬಿಟ್ಟರು. ಅಪಾಯವಿರುವುದು ಇಲ್ಲಿ.

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಿ. ಊರಿನಲ್ಲಿ ಆ ದಿನ ಸೂರ್ಯ ಹುಟ್ಟುವ ಮೊದಲೇ ಮನೆಯ ಗಂಡಸರು ಹೋಗಿ ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರುತ್ತಿದ್ದರು. ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ, ಕಾಯಿಸಿದ ಬೊಳ್ಳುಕಲ್ಲು ಅದ್ದಿ, ಬರಿಹೊಟ್ಟೆಗೆ ಕುಡಿಸುತ್ತಿದ್ದರು. ಮೇಲಿನಿಂದ ಮೆಂತೆ ಗಂಜಿ. ಮುಂಬಯಿಯ ತುಳು ಕನ್ನಡಿಗರು ಈ ಕ್ರಮವನ್ನು ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ. ಆಟಿಯ ಕಾರ್ಯಕ್ರಮಗಳಲ್ಲಿ ಪಾಲೆ ಕಷಾಯದ ಜತೆ ಪತ್ರೊಡೆಯೂ ಇರುತ್ತದೆ. ಪಾಲೆ ಎಂದರೆ ಇಲ್ಲಿನ ಸಾತ್ವೀಣ್, ಸಪ್ತಪರ್ಣಿ. ಮುಂಬಯಿಯ ರಸ್ತೆ ಬದಿಗಳಲ್ಲಿ ಧಾರಾಳವಾಗಿ ನೆಟ್ಟಿದ್ದಾರೆ. ಹಾಗಾಗಿ ತೊಗಟೆಗೆ ಬರವಿಲ್ಲ.

ಈಗ ತೊಗಟೆ ತರಲು ಹೋಗುವವರು ಯಾರು? ಊರಿನಲ್ಲಾದರೆ ಹೋಗುತ್ತಿದ್ದವರಿಗೆ ಆ ಮರ ಚಿಕ್ಕಂದಿನಿಂದ ಗೊತ್ತು. ಹಿಂದಿನ ಸಂಜೆಯೇ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಿದ್ದರು. ಇಲ್ಲಿ ಒಬ್ಬ ಯುವಕನನ್ನು ಕತ್ತಲಲ್ಲಿ ಕಳಿಸುತ್ತೇವೆ. ‘ಹೇಗೆ ಗುರುತು ಹಿಡೀತಿ ಮಗಾ?’ ಎಂದು ನಮ್ಮ ಕಟ್ಟಡದ ಹುಡುಗನನ್ನು ಕೇಳಿದಾಗ ಅವನು ಹೇಳಿದ್ದು: ‘ಕಲ್ಲಲ್ಲಿ ಜಜ್ಜಿದ್ರೆ ಹಾಲು ಬರ್ತದೆ ಮಾಮಿ, ಅದೇ ಪಾಲೆ.’ ಈ ಅರ್ಧ ತಿಳಿವಳಿಕೆ ಊರಿನಲ್ಲಿ ಒಂದು ಕೆಲಸಕ್ಕೆ ಬರುತ್ತಿತ್ತು. ಕಾಸರಕನ ಮರಕ್ಕೆ ಹಾಲಿಲ್ಲ. ಪಾಲೆಯೆಂದು ಭ್ರಮಿಸಿ ಸ್ಟ್ರಿಕ್ನೀನ್ ತುಂಬಿದ ಕಾಸರಕವನ್ನು ಜಜ್ಜಿ ತಾರದಂತೆ ಆ ಪರೀಕ್ಷೆ ತಡೆಯುತ್ತಿತ್ತು. ಇಲ್ಲಿ ಅದೇ ಪರೀಕ್ಷೆ ಇನ್ನೊಂದು ಗುಂಡಿಗೆ ದೂಡುತ್ತದೆ. ಹಾಲು ಎಕ್ಸೊಕೇರಿಯಾಕ್ಕೂ ಇದೆ. ಮಲಯಾಳಿಗಳು ಒತಳಂ ಎನ್ನುವ ಸೆರ್ಬೆರಾಕ್ಕೂ ಇದೆ.

ಈ ಒತಳದ ಬಗ್ಗೆ ಕೊಂಚ ನಿಂತು ಹೇಳಬೇಕು. ಕಾಸರಗೋಡಿನಿಂದ ತೆಂಕಣಕ್ಕೆ ಹಿನ್ನೀರಿನ ದಡಗಳಲ್ಲಿ ತಾನಾಗಿ ಬೆಳೆಯುವ ಮರ ಇದು. ಪಾಲೆ, ಕಣಗಿಲೆಗಳ ಕುಟುಂಬಕ್ಕೇ ಸೇರಿದ್ದು. ಬಿಳಿ ಹೂವು ಚಂದ, ಎಲೆ ವರ್ಷವಿಡೀ ಹಸಿರು. ಅದಕ್ಕೇ ಇಲ್ಲಿ ಹೊಸ ಕಟ್ಟಡಗಳ ಆವರಣದಲ್ಲಿ ಅಂದಕ್ಕೆಂದು ನೆಡುವುದನ್ನು ಕಂಡಿದ್ದೇನೆ. ಹಸಿ ಮಾವಿನಕಾಯಿಯನ್ನೇ ಹೋಲುವ ಅದರ ಕಾಯಿಯಲ್ಲಿ ಹೃದಯದ ಬಡಿತವನ್ನು ಕೆಡಿಸುವ ಸೆರ್ಬೆರಿನ್ ಎಂಬ ವಿಷವಿದೆ. ಕೇರಳದಲ್ಲಿ 1989ರಿಂದ 1999ರವರೆಗೆ ಈ ಮರದ ವಿಷಕ್ಕೆ ಐನೂರಕ್ಕೂ ಹೆಚ್ಚು ಜೀವಗಳು ಬಲಿಯಾದವೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಮಕ್ಕಳು ಆಡುವ ಜಾಗದಲ್ಲಿ ಈ ಮರವನ್ನು ನೆಡುವ ಕೆಲಸ ನಿಲ್ಲಬೇಕು. ಕೆಸರಿನಲ್ಲಿ ತಾನಾಗಿ ಬೆಳೆದದ್ದನ್ನು ಕಡಿಯಬೇಡಿ ಎನ್ನುವ ನಾನೇ ಇದನ್ನು ಹೇಳುತ್ತಿದ್ದೇನೆ. ಅಳಿವೆಯ ಮರಕ್ಕೆ ಅಳಿವೆಯೇ ಜಾಗ, ಜಾರುಬಂಡೆಯ ಪಕ್ಕವಲ್ಲ.

ಪಾಲೆಯನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಹಗಲು ಹೊತ್ತು ಬೇಕು. ಕೊಂಬೆಯ ಒಂದೇ ಗೆಣ್ಣಿನ ಸುತ್ತ ಎಲೆಗಳು ವೃತ್ತವಾಗಿ ಬರುತ್ತವೆ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಐದು ಆರು. ಕಾಯಿ ಉದ್ದನೆಯ ತೆಳು ಕೋಡು, ಜೋಡಿಯಾಗಿ ಜೋತಾಡುತ್ತದೆ. ಒತಳದ ಎಲೆಗಳು ಕೊಂಬೆಯ ತುದಿಯಲ್ಲಿ ಒತ್ತೊತ್ತಾಗಿದ್ದರೂ ಒಂದೊಂದಾಗಿ ಸುರುಳಿಯಲ್ಲಿ ಹತ್ತುತ್ತವೆ. ಕಾಯಿ ದುಂಡಗೆ, ಹಸಿರು. ಎಕ್ಸೊಕೇರಿಯಾದ ಕಾಯಿ ಮೂರು ಭಾಗದ ಸಣ್ಣ ಗುಂಡು. ಸಂಜೆ ಬೆಳಕಿನಲ್ಲಿ ಇವನ್ನು ನೋಡಿ ಮರಕ್ಕೆ ಒಂದು ದಾರ ಕಟ್ಟಿ ಬಂದರೆ ಮರುದಿನ ಕತ್ತಲಲ್ಲಿ ಹೋದರೂ ಭಯವಿಲ್ಲ, ಕ್ರಮವೂ ಕೆಡುವುದಿಲ್ಲ. ಖಚಿತವಾಗಿ ಗುರುತು ಹಿಡಿಯುವ ಒಬ್ಬರು ಇಲ್ಲದ ಕಡೆ ಆ ವರ್ಷ ಕಷಾಯ ಕುಡಿಸಬೇಡಿ. ಮೆಂತೆ ಗಂಜಿ ಸಾಕು.

ಪತ್ರೊಡೆಗೆ ಬಳಸುವ ಕೆಸುವಿನ ಕತೆ ಬೇರೆ. ಅದು ನಮಗೆಲ್ಲ ಗೊತ್ತು. ತುಳುವರ ತೇವು, ಮರಾಠಿಗರ ಅಳೂ. ಅದರ ಎಲೆ ದಂಟುಗಳಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹಸಿಯಾಗಿ ಬಾಯಿಗೆ ಇಟ್ಟರೆ ನಾಲಗೆ, ಗಂಟಲು ಕೆರೆದು ಬಾತುಕೊಳ್ಳುವುದು ಅದರಿಂದ. ಹುಣಸೆಹುಳಿ ಹಾಕಿ ಅರೆದ ಹಿಟ್ಟು ಹಚ್ಚಿ ಚೆನ್ನಾಗಿ ಬೇಯಿಸುವ ಪತ್ರೊಡೆಯ ಕ್ರಮದಲ್ಲೇ ಆ ತುರಿಕೆಗೆ ಮದ್ದಿದೆ. ಆಟಿ ಬಂತೆಂದರೆ ದಹಿಸರ್‌ನ ನಾಲಾಗಳ ಬದಿಯಲ್ಲಿ ದಟ್ಟವಾಗಿ ಬೆಳೆದ ಕೆಸುವಿನ ಎಲೆ ಕೊಯ್ಯುತ್ತಿರುವ ನಮ್ಮವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೈಮುಗಿದು ಹೇಳುತ್ತೇನೆ, ಅಲ್ಲಿಂದ ಕೊಯ್ಯಬೇಡಿ. ತಬೇಲಾಗಳ ಸಗಣಿ, ಗಟಾರದ ನೀರು, ಸಣ್ಣ ವರ್ಕ್‌ಶಾಪ್‌ಗಳ ತ್ಯಾಜ್ಯ ಎಲ್ಲ ಸೇರಿ ಹರಿಯುವ ನೀರು ಅದು. ಕೆಸು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ಬೇರಿನಿಂದ ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಕೆಸುವಿನದೇ ವಿಷಕ್ಕೆ ಅಜ್ಜಿಯ ಹತ್ತಿರ ಹುಳಿ ಇತ್ತು. ಲೋಹಕ್ಕೆ ಯಾವ ಅಡುಗೆಮನೆಯಲ್ಲೂ ಮದ್ದಿಲ್ಲ. ಎಷ್ಟು ಹುಳಿ ಹಾಕಿದರೂ, ಎಷ್ಟು ಹೊತ್ತು ಹಬೆಯಲ್ಲಿಟ್ಟರೂ ಅದು ಎಲೆಯಲ್ಲೇ ಇರುತ್ತದೆ.

ನಾಲಾದ ಬದಿಯಲ್ಲಿ ಇನ್ನೊಂದು ಗಿಡವಿದೆ. ತಿಳಿನೇರಳೆ ಬಣ್ಣದ ದೊಡ್ಡ ಹೂವು, ಎಲ್ಲಿ ಚುಚ್ಚಿದರೂ ಚಿಗುರುವ ಹಟ. ಹಿಂದಿ, ಮರಾಠಿಯವರು ಬೇಶರಮ್ ಎನ್ನುತ್ತಾರೆ. ದಕ್ಷಿಣ ಅಮೆರಿಕದಿಂದ ಬೇಲಿಗೂ ಅಂದಕ್ಕೂ ಬಂದದ್ದು ಈಗ ದೇಶದ ಹಲವು ಕೆರೆ ಕಾಲುವೆಗಳ ದಡದಲ್ಲಿದೆ. ಇದನ್ನು ವಾರಗಟ್ಟಲೆ ಮೇಯ್ದ ಆಡುಗಳಿಗೆ ತಲೆ ನಡುಗಿ, ಕಾಲು ತಪ್ಪಿ, ಕೊನೆಗೆ ಏಳಲಾಗದೆ ಸಾಯುವ ರೋಗ ಬರುತ್ತದೆ. ಅದರಲ್ಲಿರುವ ಸ್ವೈನ್‌ಸೋನೀನ್ ನರಕೋಶಗಳನ್ನು ಕೆಡಿಸುತ್ತದೆ. ಇದೊಂದನ್ನು ಕಿತ್ತು ಹಾಕುವುದಾದರೆ ನನ್ನ ಸಹಿ ಮೊದಲು.

ಮಳೆ ಶುರುವಾದ ಮೊದಲ ದಿನಗಳಲ್ಲಿ ಸ್ಟೇಷನ್ ಹೊರಗಿನ ಮಾರುಕಟ್ಟೆಗೆ ಕಾಡಂಚಿನ ಆದಿವಾಸಿ ಪಾಡಾಗಳಿಂದ ವಾರ್ಲಿ ಹೆಂಗಸರು ಕಾಡುಸೊಪ್ಪು ತರುತ್ತಾರೆ. ಟಾಕಳಾ ಅಂದರೆ ನಮ್ಮ ತಜಂಕ್, ಅದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಶೇವಳಾ ಇರುತ್ತದೆ. ಸುವರ್ಣಗೆಡ್ಡೆಯ ಕಾಡು ನೆಂಟ, ಎಲೆ ಬರುವುದಕ್ಕೆ ಮೊದಲೇ ನೆಲ ಸೀಳಿ ಏಳುವ ಹೂದಂಡು. ಹಾಗೆಯೇ ಬೇಯಿಸಿ ತಿಂದರೆ ಗಂಟಲು ಹಿಡಿದುಬಿಡುತ್ತದೆ. ಶೇವಳಾದ ಕಟ್ಟಿನ ಜತೆ ಆ ಹೆಂಗಸು ಒಂದು ಹಿಡಿ ಹುಳಿಯಾದ ಹಸಿರು ಕಾಯಿಗಳನ್ನು ಇಡುತ್ತಾಳೆ, ಕಾಕಡ್ ಎನ್ನುವುದು. ನಾನು ಮೊದಲ ಸಲ ಕೊಂಡಾಗ ‘ಕಾಯಿ ಬೇಡ, ದಂಡು ಮಾತ್ರ ಕೊಡು’ ಎಂದದ್ದಕ್ಕೆ ಅವಳು ಕಟ್ಟನ್ನೇ ಹಿಂದಕ್ಕೆ ಎಳೆದುಕೊಂಡಳು. ‘ಕಾಕಡ್ ಘಾತಲ್ಯಾಶಿವಾಯ್ ಕರೂ ನಕಾ, ತಾಈ’ ಎಂದಳು. ಕಾಕಡ್ ಹಾಕದೆ ಮಾಡಲೇಬೇಡಿ ಎಂದು. ದಂಡನ್ನು ಸೀಳಿ, ಯಾವ ಭಾಗ ತೆಗೆದು ಎಸೆಯಬೇಕು, ಯಾವುದನ್ನು ಸಣ್ಣಗೆ ಹೆಚ್ಚಬೇಕು ಎಂದು ತೋರಿಸಿದಳು. ಹಿಂದೆ ಗಿರಾಕಿಗಳ ಸಾಲಿದ್ದರೂ ಅವಸರ ಮಾಡಲಿಲ್ಲ. ವಿಷವಿರುವ ವಸ್ತುವನ್ನು ಅದರ ಮದ್ದಿನ ಜತೆಗಲ್ಲದೆ ಮಾರುವುದಿಲ್ಲ ಎಂಬ ಅವಳ ಶಿಸ್ತು ದೊಡ್ಡದು. ಯಾವ ಶಾಲೆಯ ವಿಜ್ಞಾನದ ಪಾಠದಲ್ಲೂ ಅದಕ್ಕಿಂತ ಒಳ್ಳೆಯ ಪಾಠ ಆಗಿದ್ದನ್ನು ನಾನು ಕಂಡಿಲ್ಲ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಉದಾಹರಣೆಗಳಿಗೆ ಬರವಿಲ್ಲ. 1992ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೈನ್ ರಾಜ್ಯದಲ್ಲಿ ಇಬ್ಬರು ಅಣ್ಣತಮ್ಮಂದಿರು ಕಾಡು ಜಿನ್‌ಸೆಂಗ್ ಹುಡುಕುತ್ತ ಜೌಗು ನೆಲದಿಂದ ಒಂದು ಬೇರು ಕಿತ್ತರು. ತಮ್ಮ ಮೂರು ತುತ್ತು ಕಚ್ಚಿದ, ಅಣ್ಣ ಒಂದು. ತಮ್ಮ ಕೆಲವೇ ಗಂಟೆಗಳಲ್ಲಿ ಸತ್ತ, ಅಣ್ಣ ಚಿಕಿತ್ಸೆಯಿಂದ ಬದುಕಿದ. ಅದು ಸಿಕ್ಯೂಟಾ, ನಮ್ಮ ಕೊತ್ತಂಬರಿ ಜೀರಿಗೆಗಳ ಕುಟುಂಬದ ಗಿಡ, ಉತ್ತರ ಅಮೆರಿಕದ ಜೌಗಿನಲ್ಲಿ ಬೆಳೆಯುವ ಅತಿ ವಿಷದ ಸಸ್ಯ. ಮುಂಬಯಿಯಲ್ಲಿ ಅದು ಇಲ್ಲ. ಆದರೆ ಅಮೆರಿಕದವರು ಸಿಕ್ಯೂಟಾಕ್ಕೆ ಹೆದರಿ ಜೌಗುಗಳನ್ನು ಮುಚ್ಚಲು ಹೊರಡಲಿಲ್ಲ. ಅದರ ಚಿತ್ರ, ಬೇರಿನ ಸೀಳುನೋಟ, ಅದನ್ನು ಹೋಲುವ ಗಿಡಗಳ ವಿವರ ಎಲ್ಲವನ್ನೂ ಅಚ್ಚು ಹಾಕಿಸಿ ಜನರಿಗೆ ಹಂಚಿದರು.

ನಾನು ಕೇಳುವುದೂ ಅಷ್ಟೇ. ಪಾಲಿಕೆಯೂ ಕಾಂಡ್ಲಾ ಘಟಕವೂ ಸೇರಿ ದಹಿಸರ್‌ನ ಖಾಡಿಯಂಚಿನಲ್ಲಿ ಜನ ಓಡಾಡುವ ಕಡೆಗಳಲ್ಲೆಲ್ಲ ಫಲಕ ಹಾಕಲಿ. ಎಲೆ, ಕಾಯಿ, ಹಾಲು ಜಿನುಗುವ ತೊಟ್ಟಿನ ದೊಡ್ಡ ಚಿತ್ರ ಇರಲಿ, ಮರಾಠಿ ಹಿಂದಿಯಲ್ಲಿ ಮೂರು ಸಾಲು ಇರಲಿ. ‘ಅರಣ್ಯ ಭೂಮಿ, ಪ್ರವೇಶ ನಿಷಿದ್ಧ’ ಎಂಬ ಫಲಕದಿಂದ ಚೆಂಡು ತರಲು ಹೋಗುವ ಹುಡುಗ ನಿಲ್ಲುವುದಿಲ್ಲ. ಕಣ್ಣು ಹೋಗುತ್ತದೆ ಎಂಬ ಚಿತ್ರ ಕಂಡರೆ ನಿಲ್ಲುತ್ತಾನೆ. ಸೊಸೈಟಿಗಳು ಅರ್ಜಿಗೆ ಸಹಿ ಸಂಗ್ರಹಿಸುವ ಬದಲು ಗೋಡೆಯ ಒಡೆದ ಭಾಗವನ್ನು ಕಟ್ಟಿಸಲಿ. ಅದು ನಮ್ಮ ಕೈಯಲ್ಲೇ ಇರುವ ಕೆಲಸ.

ದಹಿಸರ್, ಬೋರಿವಲಿ, ಮೀರಾರೋಡ್‌ನ ನಮ್ಮ ಕನ್ನಡ, ತುಳು ಸಂಘಗಳಿಗೆ ನನ್ನ ಬೇಡಿಕೆ ಬೇರೆ. ಯಕ್ಷಗಾನಕ್ಕೆ, ಭಜನೆಗೆ, ಆಟಿಯ ಊಟಕ್ಕೆ ನೂರಾರು ಜನ ಸೇರುತ್ತೇವೆ. ಆಟಿ ಬರುವುದಕ್ಕೆ ಮುಂಚಿನ ಒಂದು ಭಾನುವಾರ, ಇಳಿತದ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ಖಾಡಿಯ ಅಂಚಿನಲ್ಲಿ ನಡೆಯೋಣ. ಮಕ್ಕಳ ಜತೆ ಅವರ ತಂದೆ ತಾಯಿಯೂ ಬರಲಿ. ತೀವರ್ ಯಾವುದು, ಚಿಪ್ಪಿಯೆಂಬ ಇನ್ನೊಂದು ಕಾಂಡ್ಲಾ ಯಾವುದು, ಕಣ್ಣು ಸುಡುವುದು ಯಾವುದು, ರಸ್ತೆ ಬದಿಯ ಪಾಲೆ ಯಾವುದು ಎಂದು ಕೈಯಲ್ಲಿ ಮುಟ್ಟದೆ ಕಣ್ಣಲ್ಲಿ ನೋಡಿ ಕಲಿಯಲಿ. ಸಸ್ಯಶಾಸ್ತ್ರ ಓದಿದ ಕನ್ನಡಿಗರು ಈ ಉಪನಗರಗಳ ಕಾಲೇಜುಗಳಲ್ಲಿ ಇದ್ದಾರೆ. ಅವರನ್ನು ಕರೆಯೋಣ. ಅರಣ್ಯ ಇಲಾಖೆಯವರನ್ನು ಕೇಳಿದರೆ ಅವರೂ ಬರುತ್ತಾರೆ. ಪಾಡಾದ ಒಬ್ಬ ವಾರ್ಲಿ ಹೆಂಗಸನ್ನು, ಗೊರಾಯಿಯ ಕೋಳಿ ಮೀನುಗಾರ ಸಮುದಾಯದ ಒಬ್ಬ ಹಿರಿಯರನ್ನು ಕರೆದರೆ ಇನ್ನೂ ಒಳ್ಳೆಯದು. ಅವರಿಗೆ ಶಾಲು ಹೊದಿಸುವುದು ಮಾತ್ರವಲ್ಲ, ದಿನದ ಕೂಲಿಯನ್ನೂ ಕೊಡೋಣ.

ಈಗಲೇ ತಿಳಿದಿರಬೇಕಾದ ಕೆಲವು ಮಾತುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಕಣ್ಣಿಗೆ ಗಿಡದ ಹಾಲು ಬಿದ್ದರೆ ಉಜ್ಜಬೇಡಿ. ಕೈಯನ್ನು ಸೋಪಿನಲ್ಲಿ ತೊಳೆದು, ರೆಪ್ಪೆ ತೆರೆದು ಹಿಡಿದು, ಶುದ್ಧ ನೀರನ್ನು ಹದಿನೈದು ಇಪ್ಪತ್ತು ನಿಮಿಷ ಬಿಡದೆ ಹರಿಸಿ. ಎಣ್ಣೆ, ತುಪ್ಪ, ಹಾಲು, ನಿಂಬೆರಸ ಯಾವುದೂ ಬೇಡ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ, ನೋವು ಕಡಿಮೆಯಾಗಿದ್ದರೂ ಸರಿ. ಗೊತ್ತಿಲ್ಲದ ಕಾಯಿ, ಬೇರು, ತೊಗಟೆ ಹೊಟ್ಟೆಗೆ ಹೋಗಿದ್ದರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಧಾವಿಸಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ಹಗಲು ರಾತ್ರಿ ಸಲಹೆ ಕೊಡುತ್ತಾರೆ. ನಿಮ್ಮ ಡಾಕ್ಟರೂ ಅಲ್ಲಿ ವಿಚಾರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಆ ಗಿಡದ ಒಂದು ರೆಂಬೆಯನ್ನು, ಎಲೆ ಕಾಯಿ ಸಮೇತ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜತೆಯಲ್ಲೇ ಒಯ್ಯಿರಿ. ಆಗದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ.

ಅರ್ಜಿ ಇನ್ನೂ ಪಾಲಿಕೆಯ ವಾರ್ಡ್ ಕಚೇರಿಗೆ ಹೋಗಿಲ್ಲ. ಸಹಿ ಹಾಕಿದವರು ಹಿಂದಕ್ಕೆ ಪಡೆಯಬಹುದು. ಅದರ ಬದಲಿಗೆ ಫಲಕ ಬೇಕು, ಗೋಡೆ ರಿಪೇರಿಯಾಗಬೇಕು ಎಂಬ ಹೊಸ ಅರ್ಜಿಯನ್ನು ಮರಾಠಿಯಲ್ಲಿ ಬರೆದು ಇಟ್ಟಿದ್ದೇನೆ. ಅದಕ್ಕೆ ಮೊದಲ ಸಹಿ ಹಾಕಿದವರು ಆ ಹುಡುಗನ ತಂದೆ.